ನೀಲಿ ಹಾಳೆಯ ಮೇಲಿನ ಎರಡು ಅಕ್ಷರ

ಬೋಧನಾಭ್ಯಾಸದ ಮೂರನೆಯ ವಾರ. ಒಂಬತ್ತನೆಯ ತರಗತಿಗೆ ರಾಸಾಯನಿಕ ಕ್ರಿಯೆಗಳ ಪಾಠ ಮಾಡುತ್ತಿದ್ದೆ. ಬೆಳಕಿನಿಂದ ನಡೆಯುವ ಕ್ರಿಯೆಗೆ ಉದಾಹರಣೆಯಾಗಿ ಕಡಲಪಾಚಿಯ ಒಂದು ಸಯನೊಟೈಪ್ ಚಿತ್ರ ತೋರಿಸಿ, ಈ ವಿಧಾನವನ್ನು 1842ರಲ್ಲಿ ಕಂಡುಹಿಡಿದವರು ಜಾನ್ ಹರ್ಷೆಲ್ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಈ ಚಿತ್ರ ಮಾಡಿದವರೂ ಅವರೇನಾ ಎಂದು ಕೇಳಿದಳು. ನಾನು ಹೌದು ಎಂದುಬಿಟ್ಟೆ. ಅದು ತಪ್ಪು. ಆ ತಪ್ಪು ತಿದ್ದಿಕೊಳ್ಳಲು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ಮಾಡಿದವರು ಆನಾ ಆಟ್ಕಿನ್ಸ್. 1799ರ ಮಾರ್ಚ್ 16ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ ಹುಟ್ಟಿದರು. ಮರುವರ್ಷವೇ ತಾಯಿ ತೀರಿಕೊಂಡರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡಿದವರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಮಗಳಿಗೆ ತಂದೆಯ ಕೆಲಸವೇ ಶಾಲೆಯಾಯಿತು. ತಂದೆ ಲಾಮಾರ್ಕ್‌ನ ಚಿಪ್ಪುಗಳ ಗ್ರಂಥವನ್ನು ಅನುವಾದಿಸಿದಾಗ ಅದಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದುಕೊಟ್ಟವರು ಆನಾ. 1825ರಲ್ಲಿ ಜಾನ್ ಪೆಲ್ಲಿ ಆಟ್ಕಿನ್ಸ್ ಅವರನ್ನು ಮದುವೆಯಾದರು. 1839ರಲ್ಲಿ, ಮಹಿಳೆಯರನ್ನೂ ಸೇರಿಸಿಕೊಳ್ಳುತ್ತಿದ್ದ ಲಂಡನ್ನಿನ ಸಸ್ಯಶಾಸ್ತ್ರ ಸಂಘದ ಸದಸ್ಯೆಯಾದರು.

1841ರಲ್ಲಿ ವಿಲಿಯಂ ಹಾರ್ವಿ ಬ್ರಿಟನ್ನಿನ ಪಾಚಿಗಳ ಕೈಪಿಡಿ ಹೊರತಂದರು. ಅದರಲ್ಲಿ ಚಿತ್ರಗಳಿರಲಿಲ್ಲ. ಎಳೆಎಳೆಯಾದ ಪಾಚಿಯನ್ನು ಕೈಯಲ್ಲಿ ಬರೆಯುವುದು ಸುಲಭವಲ್ಲವೆಂದು ಚಿತ್ರಗಾರ್ತಿಯಾದ ಆನಾ ಬಲ್ಲರು. ಹರ್ಷೆಲ್ ತಂದೆಯ ಸ್ನೇಹಿತರು. ಅವರ ಹೊಸ ವಿಧಾನ ಇಲ್ಲಿ ನೆರವಿಗೆ ಬಂತು.

ವಿಧಾನ ಸರಳ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಅದರ ಮೇಲೆ ಒಣಗಿದ ಪಾಚಿ ಇಟ್ಟು, ಗಾಜು ಒತ್ತಿ, ಬಿಸಿಲಿಗಿಡಬೇಕು. ಬೆಳಕು ಬಿದ್ದಲ್ಲಿ ಫೆರಿಕ್ ಕಬ್ಬಿಣ ಫೆರಸ್ ಆಗಿ ಪ್ರಷ್ಯನ್ ನೀಲಿ ಉಂಟಾಗುತ್ತದೆ. ನೀರಿನಲ್ಲಿ ತೊಳೆದರೆ ಮರೆಯಲ್ಲಿದ್ದ ಲವಣ ಹೋಗಿ, ನೀಲಿಯ ನಡುವೆ ಪಾಚಿಯ ಆಕಾರ ಬಿಳಿಯಾಗಿ ಉಳಿಯುತ್ತದೆ. ಕ್ಯಾಮೆರಾ ಬೇಕಿಲ್ಲ.

1843ರ ಅಕ್ಟೋಬರಿನಲ್ಲಿ ಅವರ ಬ್ರಿಟಿಷ್ ಪಾಚಿಗಳ ಪುಸ್ತಕದ ಮೊದಲ ಕಂತು ಹೊರಬಂತು. ಛಾಯಾಚಿತ್ರಗಳನ್ನೇ ಚಿತ್ರಗಳಾಗಿ ಹೊಂದಿದ ಮೊದಲ ಪುಸ್ತಕವೆಂದು ಅದನ್ನು ಗುರುತಿಸಲಾಗಿದೆ. ಕೆಲಸ ಮುಗಿದದ್ದು 1853ರಲ್ಲಿ. ಒಂದೊಂದು ಪ್ರತಿಗೂ ಸುಮಾರು 400 ಹಾಳೆ. ಪ್ರತಿ ಹಾಳೆಯನ್ನೂ ಬೇರೆಬೇರೆಯಾಗಿ ಬಿಸಿಲಿಗಿಟ್ಟು ತೊಳೆಯಬೇಕು. ಅಕ್ಷರಗಳನ್ನೂ ಕೈಯಲ್ಲಿ ಬರೆದು ಅದೇ ವಿಧಾನದಿಂದ ಅಚ್ಚುಮಾಡಿದರು. 1852ರಲ್ಲಿ ತಂದೆ ತೀರಿಕೊಂಡಾಗ ಬಾಲ್ಯದ ಗೆಳತಿ ಆನ್ ಡಿಕ್ಸನ್ ಜೊತೆಗೆ ನಿಂತರು. ಇಬ್ಬರೂ ಸೇರಿ ಜರೀಗಿಡಗಳ ಸಯನೊಟೈಪ್‌ಗಳನ್ನು ಮಾಡಿದರು.

ಪಾಚಿಗಳ ಪುಸ್ತಕಕ್ಕೆ ಅವರು ಹಾಕಿದ ಸಹಿ ಎ.ಎ. ಎಂಬ ಎರಡೇ ಅಕ್ಷರ. 1871ರ ಜೂನ್ 9ರಂದು ಅವರು ತೀರಿಕೊಂಡರು. 1889ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ ವಿಲಿಯಂ ಲ್ಯಾಂಗ್, ಆ ಅಕ್ಷರಗಳಿಗೆ ಅನಾಮಧೇಯ ಹವ್ಯಾಸಿ ಎಂಬ ಅರ್ಥವಿರಬೇಕೆಂದು ಊಹಿಸಿದ್ದರು. ಹೆಸರು ತಿಳಿದದ್ದು ಆಮೇಲೆ. ಲ್ಯಾಂಗ್ ಅವರ ಮುಂದೆ ಎರಡಕ್ಷರವಷ್ಟೇ ಇತ್ತು. ನನ್ನ ಮುಂದೆ ಪೂರ್ಣ ಹೆಸರು ಸಿಗುವಂತಿತ್ತು, ನಾನೇ ಹುಡುಕಿರಲಿಲ್ಲ.

ಮರುದಿನ ತರಗತಿಯಲ್ಲಿ ನನ್ನ ಉತ್ತರ ತಪ್ಪಾಗಿತ್ತೆಂದು ಮೊದಲು ಹೇಳಿದೆ. ಹರ್ಷೆಲ್ ಹೆಸರನ್ನು ಅಳಿಸಲಿಲ್ಲ, ಕೆಳಗೆ ಆನಾ ಆಟ್ಕಿನ್ಸ್ ಎಂದು ಬರೆದೆ. ಮೊದಲೇ ಲೇಪಿಸಿ ತಂದಿದ್ದ ಕಾಗದದ ಮೇಲೆ ಬೇವಿನ ಎಲೆಗಳನ್ನಿಟ್ಟು ಅಂಗಳದ ಬಿಸಿಲಿಗೆ ಹಿಡಿದೆವು. ಪ್ರಶ್ನೆ ಕೇಳಿದ ಹುಡುಗಿ ತನ್ನ ಹಾಳೆಯ ಹಿಂದೆ ಇನಿಷಿಯಲ್ ಸಹಿತ ಪೂರ್ತಿ ಹೆಸರು ಬರೆದಳು.

ಪ್ರಶ್ನೆಪತ್ರಿಕೆಗೆ ಮುನ್ನ ನಾವು ತಯಾರಿಸುವ ನೀಲನಕ್ಷೆಗೆ ಆ ಹೆಸರು ಬಂದದ್ದೂ ಇದೇ ನೀಲಿಯಿಂದ. ಹಿಂದೆ ಎಂಜಿನಿಯರುಗಳು ನಕ್ಷೆಯ ಪ್ರತಿ ತೆಗೆಯುತ್ತಿದ್ದುದು ಈ ವಿಧಾನದಲ್ಲೇ. ಈಗ ನನ್ನ ಪಾಠಯೋಜನೆಯಲ್ಲಿ ಬೋಧನೋಪಕರಣದ ಅಂಕಣದಡಿ ಒಂದು ಸಾಲು ಸೇರಿದೆ: ಚಿತ್ರ ಯಾರದು?