ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಈ ನದಿಯ ಸೀಮೆಯಲ್ಲಿ, ಸವದತ್ತಿಗೆ ಸಮೀಪದ ಗುರ್ಲಹೊಸೂರಿನಲ್ಲಿ, 1843ರ ಮಾರ್ಚ್ 31ರಂದು ಬಲವಂತ ಪಾಂಡುರಂಗ ಕಿರ್ಲೋಸ್ಕರರು ಜನಿಸಿದರು. ಲೋಕ ಅವರನ್ನು ಅಣ್ಣಾಸಾಹೇಬರೆಂದು ಕರೆಯಿತು. ಕಿರ್ಲೋಸ್ಕರ ಎಂದೊಡನೆ ನಮ್ಮ ರೈತಬಾಂಧವರಿಗೆ ನೀರೆತ್ತುವ ಪಂಪು ನೆನಪಾಗುವುದು ಸಹಜ. ಆ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾಯರೂ ಇದೇ ಊರಿನಲ್ಲಿ 1869ರಲ್ಲಿ ಹುಟ್ಟಿದವರು.

ಅಣ್ಣಾಸಾಹೇಬರು ಶರಣಪರಂಪರೆಗೆ ಸೇರಿದವರಲ್ಲ. 1873ರಲ್ಲಿ ಅವರು ರಚಿಸಿದ ನಾಟಕದ ವಸ್ತು ಶಂಕರಾಚಾರ್ಯರ ದಿಗ್ವಿಜಯ. ಬರೆದ ಭಾಷೆ ಮರಾಠಿ. ಆದಾಗ್ಯೂ ನಾವು ಅವರನ್ನು ಇಲ್ಲಿ ಸ್ಮರಿಸಲು ಕಾರಣವಿದೆ. ಕನ್ನಡ-ಮರಾಠಿಗಳ ತಕರಾರನ್ನೇ ಹೆಚ್ಚಾಗಿ ಕೇಳುವ ಬೆಳಗಾವಿಯವರಾದ ನಮಗೆ, ಆ ಎರಡು ನುಡಿಗಳು ಒಂದೇ ಹಾಡಿನಲ್ಲಿ ಕೂಡಿದ್ದನ್ನು ತಿಳಿಸುವ ಬದುಕು ಅವರದು.

ಬೆಳಗಾವಿಯಲ್ಲಿ ಅವರು ಶಿಕ್ಷಕರಾಗಿದ್ದರು. ಮುಂದೆ ನಾಟಕಕಾರರಾಗಿ ಹೆಸರಾದ ಗೋವಿಂದ ಬಲ್ಲಾಳ ದೇವಲರು ಆಗ ಅವರ ವಿದ್ಯಾರ್ಥಿ. ತರುವಾಯ ಕಂದಾಯ ಇಲಾಖೆಯ ನೌಕರಿ ಅವರನ್ನು ಪುಣೆಗೆ ಒಯ್ದಿತು. ಅಲ್ಲಿ 1880ರಲ್ಲಿ ಪಾರಸಿ ಮಂಡಳಿಯ ಇಂದ್ರಸಭಾ ನೋಡಿದಾಗ, ತಮ್ಮ ಭಾಷೆಯಲ್ಲೂ ಇಂಥ ಸಂಗೀತ ನಾಟಕ ಆಗಬೇಕೆಂಬ ಸಂಕಲ್ಪ ಅವರಲ್ಲಿ ಮೂಡಿತು.

ಅಲ್ಲಿಯವರೆಗಿನ ಪದ್ಧತಿಯೇ ಬೇರೆಯಾಗಿತ್ತು. ಎಲ್ಲ ಪಾತ್ರಗಳ ಹಾಡನ್ನೂ ಸೂತ್ರಧಾರನೇ ಹಾಡುತ್ತಿದ್ದನು; ನಟರು ಸಮಯಸ್ಫೂರ್ತಿಯಿಂದ ಮಾತು ಹೊಂದಿಸಿಕೊಳ್ಳುತ್ತಿದ್ದರು. ಅಣ್ಣಾಸಾಹೇಬರು ಸಂಭಾಷಣೆಯನ್ನು ಬರೆದುಕೊಟ್ಟು, ಹಾಡನ್ನು ಆಯಾ ಪಾತ್ರಧಾರಿಯ ಕಂಠಕ್ಕೇ ಒಪ್ಪಿಸಿದರು. ತನ್ನ ದುಃಖವನ್ನು ಶಕುಂತಲೆ ತಾನೇ ಹಾಡಬೇಕು. ಇಂದು ಇದು ಅತಿ ಸಾಮಾನ್ಯವೆನಿಸಬಹುದು. ಅಂದು ರಂಗದ ರೀತಿಯನ್ನೇ ಬದಲಿಸಿತು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಶಾಕುಂತಲದ ಮೊದಲ ನಾಲ್ಕು ಅಂಕಗಳು ಪ್ರಯೋಗಗೊಂಡವು. ಕಾಳಿದಾಸನ ಏಳು ಅಂಕಗಳಲ್ಲಿ ಸಿದ್ಧವಾಗಿದ್ದಷ್ಟನ್ನೇ ಆಡಿದ ಆ ಧೈರ್ಯದಿಂದ ಕಿರ್ಲೋಸ್ಕರ ನಾಟಕ ಮಂಡಳಿ ನೆಲೆಗೊಂಡಿತು.

1882ರಲ್ಲಿ ಬಂದ ಸೌಭದ್ರ ಅವರ ಕೀರ್ತಿಗೆ ಕಳಶವಿಟ್ಟಿತು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಲು ಬಲರಾಮನ ಹಟ, ಕೃಷ್ಣನ ಗುಟ್ಟಿನ ಉಪಾಯ, ಸನ್ಯಾಸಿಯ ವೇಷದ ಅರ್ಜುನ: ಪುರಾಣದವರೆಲ್ಲ ನಮ್ಮ ಮನೆಯ ಅಣ್ಣತಮ್ಮಂದಿರಂತೆಯೇ ಕಾಣುತ್ತಾರೆ. ಭಾವುರಾವ್ ಕೊಲ್ಹಟಕರರು ಸುಭದ್ರೆಯಾಗಿ ಹಾಡಿ ಜನಪ್ರಿಯರಾದರು. ಕೀರ್ತನೆ, ಲಾವಣಿಗಳ ಧಾಟಿಗಳೊಂದಿಗೆ ಕನ್ನಡ ಹಾಡುಗಳ ಮಟ್ಟುಗಳೂ ಈ ನಾಟಕಗಳಲ್ಲಿ ಮರಾಠಿ ಪದಗಳನ್ನು ಹೊತ್ತು ಬಂದವು. ಕನ್ನಡ ನೆಲದಲ್ಲಿ ಬೆಳೆದ ಕಿವಿಗೆ ಅವು ಪರಕೀಯವೆನಿಸಲಿಲ್ಲವೆಂದೇ ನಮ್ಮ ಭಾವನೆ.

ಮೂರನೆಯ ಕೃತಿ ರಾಮರಾಜ್ಯವಿಯೋಗದ ಮೂರು ಅಂಕಗಳು 1884ರಲ್ಲಿ ರಂಗವೇರಿದವು. ಉಳಿದುದನ್ನು ಬರೆಯುವ ಆಯುಷ್ಯ ಅವರಿಗಿರಲಿಲ್ಲ. 1885ರ ನವೆಂಬರ್ 2ರಂದು, ನಲವತ್ತೆರಡರ ಪ್ರಾಯದಲ್ಲಿ, ಹುಟ್ಟೂರಾದ ಗುರ್ಲಹೊಸೂರಿನಲ್ಲಿಯೇ ಅವರ ದೇಹಾಂತ್ಯವಾಯಿತು.

ಮಂಡಳಿ ಮಾತ್ರ ನಿಲ್ಲಲಿಲ್ಲ. ಮುದುಕರಿಗೆ ಎಳೆಯ ಹೆಣ್ಣುಮಕ್ಕಳನ್ನು ಕೊಡುವ ಅನ್ಯಾಯವನ್ನು ತೋರಿದ ದೇವಲರ ಶಾರದಾ ನಾಟಕವನ್ನು 1899ರಲ್ಲಿ ಅದೇ ಆಡಿತು. 1905ರಲ್ಲಿ ಬಾಲಗಂಧರ್ವರು ಅಲ್ಲಿಗೇ ಬಂದು ಸೇರಿದರು. ಆ ಸಂಗೀತ ನಾಟಕದ ಪ್ರಭಾವ ಉತ್ತರ ಕರ್ನಾಟಕದ ಕನ್ನಡ ಕಂಪನಿಗಳ ಮೇಲೂ ಆಯಿತು. ಕಾಲಾಂತರದಲ್ಲಿ ಇದೇ ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದ ಜಗಜ್ಯೋತಿ ಬಸವೇಶ್ವರ ನಾಟಕದಲ್ಲಿ ಬಸವಣ್ಣನವರಾಗಿ ರಂಗಕ್ಕೆ ಬಂದರು.