ಮಾತ್ರೆಗೆ ಬಗ್ಗದ ರಕ್ತಹೀನತೆ ಮತ್ತು ಸುಬ್ಬರಾವ್ ಎಂಬ ಹಟಮಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಆ ನೀಲಿ ಮಾತ್ರೆ ನೆನಪಿರಬೇಕು. ವಾರಕ್ಕೊಂದು, ರಕ್ತಹೀನತೆ ತಡೆಯೋಕೆ. ಅದರಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತೆ. ಅದರ ಹಿಂದಿರುವ ಯಲ್ಲಾಪ್ರಗಡ ಸುಬ್ಬರಾವ್ ಹೆಸರು ಎಂಜಿನಿಯರಿಂಗ್ ಮುಗಿಸುವವರೆಗೂ ನನಗೆ ಗೊತ್ತಿರಲಿಲ್ಲ.

1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಸುಬ್ಬರಾವ್ ಮದ್ರಾಸಿನಲ್ಲಿ ವೈದ್ಯಕೀಯ ಓದಿದರು. ಖಾದಿ ತೊಟ್ಟು ಬ್ರಿಟಿಷ್ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾದರು. ಎಂಬಿಬಿಎಸ್ ಕೈತಪ್ಪಿ ಕೆಳದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಇಬ್ಬರು ಸಹೋದರರನ್ನು ಸ್ಪ್ರೂ ಕಿತ್ತುಕೊಂಡಿತು. ಉಂಡದ್ದು ಮೈಗೆ ಹತ್ತದೆ ರಕ್ತ ಸೊರಗುವ ಕಾಯಿಲೆ ಅದು.

ಮುಂದೆ ಬಾಸ್ಟನ್ ಸೇರಿದರು. 1925ರಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನ ಪ್ರಕಟಿಸಿದರು. ಆದರೂ ಹಾರ್ವರ್ಡ್ ಖಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಕಂಪನಿಗೆ ಹೋದರು.

ಅಷ್ಟರಲ್ಲಿ ಬಾಂಬೆಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ, ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರಕ್ಕೆ ಬಗ್ಗುವುದನ್ನು ಕಂಡುಕೊಂಡಿದ್ದರು. ಆ ಅಂಶವೇ ಫೋಲಿಕ್ ಆಮ್ಲ. 1945ರಲ್ಲಿ ಸುಬ್ಬರಾವ್ ತಂಡ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಅದೇ ಆಮ್ಲಕ್ಕೆ ಅಡ್ಡಗಾಲು ಹಾಕುವ ಅಮಿನೋಪ್ಟೆರಿನ್ ಕೂಡ ಅದೇ ತಂಡದ್ದು. ರಕ್ತದ ಕ್ಯಾನ್ಸರ್‌ನ ಮಕ್ಕಳಿಗೆ ಮೊದಲ ಬಾರಿ ಒಂದಿಷ್ಟು ದಿನಗಳ ಚೇತರಿಕೆ ಕೊಟ್ಟ ಔಷಧ ಅದು. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ ತೀರಿಕೊಂಡರು.

ಈಗ ನಮ್ಮೂರಿಗೆ ಬನ್ನಿ. ಮೂತ್ರಪಿಂಡ ಸೋತ ಮಗುವಿಗೆ ಆ ನೀಲಿ ಮಾತ್ರೆಯೊಂದೇ ಸಾಕಾಗಲ್ಲ. ರಕ್ತಕಣ ಹುಟ್ಟಿಸಲು ಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಹಾರ್ಮೋನು ತಯಾರಾಗೋದೇ ಮೂತ್ರಪಿಂಡದಲ್ಲಿ. ಅದರ ಇಂಜೆಕ್ಷನ್ ಇದೆ, ನಿಜ. ಆದರೆ ಕಬ್ಬಿಣದ ಕೊರತೆ, ಸೋಂಕು, ಉರಿಯೂತ ಇದ್ದರೆ ಅದೂ ಸರಿಯಾಗಿ ಕೆಲಸ ಮಾಡಲ್ಲ. ರಂಜಕ ಏರಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತೆ, ಮಜ್ಜೆ ಗಡುಸಾಗುತ್ತೆ, ಇಂಜೆಕ್ಷನ್ ಸೋಲುತ್ತೆ. ಸುಬ್ಬರಾವ್ 1925ರಲ್ಲಿ ಅಳೆಯಲು ಹೊರಟ ರಂಜಕವೇ ಇದು.

ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಸೊಪ್ಪು ತಿನ್ನಿಸಲಿಲ್ಲವೆಂದು ತಾಯಿಯನ್ನು ಗದರುವುದು ಸುಲಭ. ಅದರ ಬದಲು ಒಂದು ಕ್ರಿಯಾಟಿನಿನ್ ಪರೀಕ್ಷೆ, ಒಂದು ಮೂತ್ರ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ರೂಢಿಯಾಗಬೇಕು. ಮದ್ದು ಕೆಲಸ ಮಾಡದಿದ್ದಾಗ ಯಾಕೆ ಅಂತ ಕೇಳುತ್ತಲೇ ಸುಬ್ಬರಾವ್ ಬದುಕು ಸವೆಸಿದರು. ನಮ್ಮ ಶಾಸಕರನ್ನು ನಾವು ಕೇಳಬೇಕಾದದ್ದೂ ಅದನ್ನೇ ಅಲ್ವಾ?