ಸಂಗೊಳ್ಳಿ ರಾಯಣ್ಣ

ದೊಡ್ಡಬಳ್ಳಾಪುರದಿಂದ ಅಪ್ಪನ ಜೊತೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿನ ದೊಡ್ಡ ಸ್ಟೇಷನ್ನಿಗೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಅವನ ಕಥೆ ಅಪ್ಪಂಗೂ ಪೂರ್ತಿ ಗೊತ್ತಿರಲಿಲ್ಲ. ಶಾಲೆಯ ಪುಸ್ತಕ ತಂದು ಓದಿದೆ.

ರಾಯಣ್ಣ ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯವನು. ಹುಟ್ಟಿದ್ದು ಆಗಸ್ಟ್ 15 ಅಂತ ಹೇಳ್ತಾರೆ. ಕಿತ್ತೂರು ಸಂಸ್ಥಾನದ ಸೇವೆಯಲ್ಲಿದ್ದ. 1824ರಲ್ಲಿ ಕಿತ್ತೂರಿನ ದೊರೆ ತೀರಿಕೊಂಡಾಗ ಕಂಪನಿಯವರು ಅವರ ದತ್ತುಮಗನನ್ನು ಒಪ್ಪಲಿಲ್ಲ. ನಮ್ಮ ಸಂಸ್ಥಾನಕ್ಕೆ ವಾರಸುದಾರ ಯಾರು ಅಂತ ಹೇಳೋಕೆ ಅವರ್ಯಾರು? ಯುದ್ಧವಾಯಿತು. ಮೊದಲು ಕಿತ್ತೂರಿನವರು ಗೆದ್ದರು, ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು.

ರಾಯಣ್ಣನ ಮನೆಯ ಹೊಲದಲ್ಲೂ ಕಂಪನಿ ಸ್ವಲ್ಪ ಕಿತ್ತುಕೊಂಡು, ಉಳಿದದ್ದಕ್ಕೆ ಜಾಸ್ತಿ ಕಂದಾಯ ಹಾಕಿತು. ಅವನು ಜನರನ್ನು ಸೇರಿಸಿ ಕಾಡಿನಲ್ಲಿ ನಿಂತು ಹೋರಾಡಿದ. ದತ್ತುಮಗನನ್ನೇ ದೊರೆ ಮಾಡಬೇಕೆಂಬುದು ಅವನ ಹಟ. ಸರ್ಕಾರಿ ಕಚೇರಿಗಳನ್ನು ಸುಟ್ಟ, ಜಮೀನಿನ ಕಾಗದಗಳನ್ನೂ ಸುಟ್ಟ. ಇದನ್ನು ಓದಿ ನನಗೆ ಒಂಥರಾ ಆಯ್ತು. ನಮ್ಮ ತಾತ ಪಹಣಿಯನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಡ್ತಾರೆ, ಕಾಗದ ಹೋದ್ರೆ ಹೊಲ ಹೋದಂಗೆ ಅಂತಾರೆ. ಮೇಷ್ಟ್ರನ್ನು ಕೇಳಿದೆ. ಅವು ರೈತರು ಇಟ್ಟುಕೊಂಡ ಕಾಗದ ಅಲ್ಲ, ಕಂದಾಯ ಎತ್ತೋಕೆ ಕಂಪನಿ ಇಟ್ಟ ಲೆಕ್ಕ ಅಂದ್ರು. ಆಗ ಸಮಾಧಾನ ಆಯ್ತು.

1830ರ ಏಪ್ರಿಲ್‌ನಲ್ಲಿ ನಮ್ಮೋರೇ ಮೋಸದಿಂದ ಹಿಡಿದುಕೊಟ್ಟರು. ಇದನ್ನು ಬರೆಯೋವಾಗ ಕೋಪ ಬಂತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ತಾರೀಕು 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದದ್ದು. ನಂದಗಡದಲ್ಲಿ ಅವನ ಸಮಾಧಿ ಹತ್ತಿರ ದೊಡ್ಡ ಆಲದ ಮರವಿದೆ. ಮಕ್ಕಳಾಗಲಿ ಅಂತ ಬೇಡಿಕೊಂಡು ಜನ ಈಗಲೂ ಅದಕ್ಕೆ ತೊಟ್ಟಿಲು ಕಟ್ಟುತ್ತಾರಂತೆ.